ಇಜೆನ್‌ಗೆ ರಿಹರ್ಸಲ್ಲು, ನಮ್ಮ ಅಪಾರ್ಟ್‌ಮೆಂಟ್ ಮೆಟ್ಟಿಲಲ್ಲಿ

ಆಗಸ್ಟ್‌ಗೆ ಬಾಲಿ ಟಿಕೆಟ್ ಆಯ್ತು, ನಾಲ್ಕು ಜನ. ಬೀಚು ಗೀಚು ಎಲ್ಲ ಅವರವರ ಇಷ್ಟ, ನಾನು ಹ್ಞೂಂ ಅಂದಿದ್ದೇ ಒಂದಿನ ಪಕ್ಕದ ಜಾವಾಗೆ ದಾಟಿ ಇಜೆನ್ ಹತ್ತೋ ಆಸೆಗೆ. ಜ್ವಾಲಾಮುಖಿ ಅದು, ಬಾಯೊಳಗೆ ಸುಮಾರು ಒಂದು ಕಿಲೋಮೀಟರ್ ಅಗಲದ ಕೆರೆ, ಫೋಟೋದಲ್ಲಿ ಯಾರೋ ಹಸಿರು-ನೀಲಿ ಡಿಸ್ಟೆಂಪರ್ ಕದಡಿ ಇಟ್ಟಂಗಿದೆ. ಕೈ ಹಾಕೋ ಹಂಗಿಲ್ಲ, ಹೆಚ್ಚುಕಮ್ಮಿ ಬ್ಯಾಟರಿ ಆಸಿಡ್ಡೇ.

"ಮೂರೇ ಕಿಲೋಮೀಟರ್ ಕಣೋ, ನಂದಿ ಬೆಟ್ಟ ಇದ್ದಂಗೆ" ಅಂತಾನೆ ಒಬ್ಬ. ಮೂರು ಕಿಲೋಮೀಟರ್ ನಿಜ, ಆದ್ರೆ ನಡೆಯೋಕೆ ಶುರು ಮಾಡೋ ಪಲ್ಟುಡಿಂಗೇ ಸುಮಾರು 1,850 ಮೀಟರ್, ಮುಳ್ಳಯ್ಯನಗಿರಿ ನೆತ್ತಿ ಇನ್ನೇನು ಬಂತು ಅನ್ನೋ ಎತ್ತರ, ಅಲ್ಲಿಂದ ನಡುರಾತ್ರೀಲಿ ಇನ್ನೂ ಐನೂರು ಮೀಟರ್ ಏರಬೇಕು.

ಟೈಮಿಂದು ಬೇರೆ ಗೋಳು. ಗಿಲಿಮಾನುಕ್‌ನಲ್ಲಿ ಫೆರಿ ಹತ್ತಿ ಆಚೆ ದಡ ಕೆಟಪಾಂಗ್‌ನಲ್ಲಿ ಇಳಿದ್ರೆ ಗಡಿಯಾರ ಒಂದು ಗಂಟೆ ಹಿಂದೆ. ಗಾಡಿಯವನು ಹನ್ನೆರಡಕ್ಕೆ ಬರ್ತೀನಿ ಅಂದ, ಬಾಲಿ ಹನ್ನೆರಡೋ ಜಾವಾ ಹನ್ನೆರಡೋ ಅಂತ ಎರಡು ಸಲ ಕೇಳಿದೀನಿ. ಅದಕ್ಕೇ ಹಿಂದಿನ ರಾತ್ರಿ ಜಾವಾ ಕಡೆ ಊರು ಬಾನ್ಯುವಾಂಗಿಲೇ ಮಲಗೋಣ ಅಂತ ಹಠ ಹಿಡಿದು ರೂಮ್ ಮಾಡಿಸ್ದೆ. ಡಾಕ್ಟರ್ ಸರ್ಟಿಫಿಕೇಟ್ ಬೇರೆ ಬೇಕಂತೆ, ಅದನ್ನೂ ಅಲ್ಲೇ ಮಾಡಿಸ್ಕೊಬಹುದು.

ಜಗಳ ಇರೋದು ನೀಲಿ ಬೆಂಕಿ ವಿಷಯಕ್ಕೆ. ಬಿರುಕಿಂದ ಬರೋ ಗಂಧಕದ ಗ್ಯಾಸು ಗಾಳಿ ತಾಕಿ ಹೊತ್ಕೊಳುತ್ತೆ, ಕತ್ತಲಿದ್ರೆ ಮಾತ್ರ ಕಾಣೋದು, ಹತ್ತಿರದಿಂದ ನೋಡ್ಬೇಕಂದ್ರೆ ಬಾಯೊಳಗೇ ಇಳೀಬೇಕು. ಗಂಧಕ ತೆಗೆಯೋರು 70-80 ಕೆಜಿ ಹೆಗಲ ಮೇಲೆ ಹೊತ್ಕೊಂಡು ಅದೇ ಇಕ್ಕಟ್ಟಾದ ಕಲ್ಲು ದಾರೀಲಿ ಮೇಲೆ ಬರ್ತಿರ್ತಾರೆ, ನಾವು ಫೋನ್ ಹಿಡ್ಕೊಂಡು ಅವರಿಗೆ ಅಡ್ಡ ನಿಲ್ಲೋದು! ಜೊತೆಗೆ ನಂಗೆ ಚಿಕ್ಕಂದಿನಿಂದ ವೀಸಿಂಗು.

ಆದ್ರೂ ನೋಡೇಬಿಡೋಣ ಅಂತ ಭಾನುವಾರ ಪೇಂಟಿಂಗ್ ಕೆಲಸದ ಕಸಿನ್ ಹತ್ರ ಎರಡು ಫಿಲ್ಟರಿನ ಮಾಸ್ಕ್ ಇಸ್ಕೊಂಡು ಅಪಾರ್ಟ್‌ಮೆಂಟ್ ಮೆಟ್ಟಿಲು ಹತ್ತಿದೆ. ಎರಡನೇ ಮಹಡೀಲಿ ಕನ್ನಡಕ ಮಂಜಾಯ್ತು, ಮೂರನೇದ್ರಲ್ಲಿ ಗಲ್ಲದಿಂದ ಬೆವರು ರಬ್ಬರ್ ಒಳಗೇ ತೊಟ್ಟಿಕ್ತು, ನಾಲ್ಕನೇದ್ರಲ್ಲಿ ಕಿತ್ತು ಕೂತ್ಕೊಂಡೆ. ಹಾಲಿನ ಪ್ಯಾಕೆಟ್ ಹಿಡ್ಕೊಂಡು ಬಂದ ಆಂಟಿ "ಏನಪ್ಪಾ, ಮತ್ತೆ ಕೊರೋನಾ ಬಂತಾ?" ಅಂದ್ರು.

ಗ್ರೂಪಲ್ಲಿ ಹಾಕಿದೀನಿ: ನೀವು ಇಳೀರಿ, ನಾನು ಮೇಲೇ ಕೂತು ಬೆಳಕಾಗೋವಾಗ ಕೆರೆ ನೋಡ್ತೀನಿ, ನಂಗೆ ಬೇಕಿರೋದೂ ಅದೇ. ಒಬ್ಬ ಥಂಬ್ಸ್ ಅಪ್ ಒತ್ತಿದಾನೆ, ಇನ್ನಿಬ್ಬರಿಗೆ ಬ್ಲೂ ಟಿಕ್ ಬಂದು ಎರಡು ದಿನ ಆಯ್ತು.