ಮೂಗಿನ ಬದಿಯ ನೆರಳು

ಬದಿಯಡ್ಕದ ಹತ್ತಿರ ಕಣ್ಣಿನ ಕ್ಯಾಂಪ್. ಮಧ್ಯಾಹ್ನದೊಳಗೆ 130 ಕಾರ್ಡು ಮುಗಿಯಬೇಕು. ಕಣ್ಣನ್ನು ದೊಡ್ಡದು ಮಾಡಿ ನೋಡುವ ಸ್ಲಿಟ್ ಲ್ಯಾಂಪ್ ವ್ಯಾನಿಗೆ ಹತ್ತಲೇ ಇಲ್ಲ, "ಕ್ಯಾಂಪಿಗೆ ಅದೆಂತಕ್ಕೆ" ಅಂತ ಪಿಆರ್‌ಒ. ಕೊಟ್ಟ ಟಾರ್ಚಿನ ಸೆಲ್ಲು ಸತ್ತಿತ್ತು.

ಆ ಅಮ್ಮನಿಗೆ ಅರುವತ್ತು ದಾಟಿದೆ. ಕನ್ನಡಕದೊಳಗೆ ಕಣ್ಣು ಇಷ್ಟು ದೊಡ್ಡದಾಗಿ ಕಾಣುತ್ತಿತ್ತು. ದೂರದ ನಂಬರೇ ಪ್ಲಸ್ ಮೂರೂವರೆ, ಬರೆದದ್ದು ನಾನೇ. ಪ್ಲಸ್ ಅಂದರೆ ಗುಡ್ಡೆ ಗಿಡ್ಡ, ಐರಿಸಿನ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಬಳೆಯ, ಮುಂದಿನ ಕೋಣೆ ಇಕ್ಕಟ್ಟು. ಪ್ರಾಯ ಆದ ಹಾಗೆ ಲೆನ್ಸೂ ದಪ್ಪವಾಗಿ ಐರಿಸನ್ನು ಮುಂದಕ್ಕೆ ದೂಡುತ್ತದೆ. ಕಿವಿಯ ಬದಿಯಿಂದ ಟಾರ್ಚು ಹಿಡಿದಾಗ ಮೂಗಿನ ಬದಿಯ ಐರಿಸ್ ನೆರಳಲ್ಲಿದ್ದರೆ ಪಾಪೆ ಹಿಗ್ಗಿಸುವ ಡ್ರಾಪ್ ಹಾಕಬಾರದು. ಮೊಬೈಲ್ ಲೈಟಾದರೂ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಹಿಂದಿನ ನಲವತ್ತು ಕಾರ್ಡಿನಲ್ಲಿ ಬರೆದ ಹಾಗೆ ಎಸಿ (ಆ ಮುಂದಿನ ಕೋಣೆ) ಕಾಲಮಿನಲ್ಲಿ 'ನಾರ್ಮಲ್' ಗೀಚಿ ಡೈಲೇಟ್ ಮಾಡಲು ಕಳಿಸಿದೆ.

ರಾತ್ರಿ ಏಳೂವರೆಗೆ ಮಗನ ಫೋನು. "ಸರ್, ಅಮ್ಮನಿಗೆ ತಲೆ ಒಡೆದು ಹೋಗುವಷ್ಟು ನೋವು. ಎರಡು ಸಲ ಕಕ್ಕಿದರು. ಪಿತ್ತ ಅಂತ ಕಷಾಯ ಕೊಟ್ಟೆವು."

"ಬಿಸಿಲಿಗೆ ನಿಂತದ್ದಕ್ಕೆ ಇರಬೇಕು, ಮಲಗಲಿ" ಅಂದೆ.

ಗಂಜಿಗೆ ಕೈಹಾಕಿದವನಿಗೆ ಆ ಕನ್ನಡಕ ಕಣ್ಣೆದುರು ಬಂತು. ತಿರುಗಿ ಫೋನು ಮಾಡಿದರೆ ರೇಂಜ್ ಇಲ್ಲ. ಅಂಗಳಕ್ಕೆ ಇಳಿದೆ, ಗೇಟಿನ ತನಕ ಹೋದೆ. ಐದನೇ ಸಲಕ್ಕೆ ಸಿಕ್ಕಿತು. "ಕಣ್ಣು ಕೆಂಪುಂಟಾ? ಬಲ್ಬು ಹೇಗೆ ಕಾಣ್ತದೆ ಕೇಳಿ."

ಹಿಂದಿನಿಂದ ಅಮ್ಮನ ಸ್ವರ: "ಸುತ್ತ ಕಾಮನಬಿಲ್ಲು ಕಟ್ಟಿದ ಹಾಗೆ ಉಂಟು ಮಗಾ."

ಆಸ್ಪತ್ರೆಗೆ ಬರುವಾಗ ಒಂಬತ್ತೂಕಾಲು. ಬಲಗಣ್ಣಿನ ಪ್ರೆಶರ್ 54. ನಮಗೆ 21 ದಾಟಿದರೇ ತಲೆಬಿಸಿ. ಕಾರ್ನಿಯಾ, ಕಣ್ಣಿನ ಮುಂದಿನ ಪಾರದರ್ಶಕ ಪದರ, ಉಸಿರು ಬಿಟ್ಟ ಕನ್ನಡಿಯ ಹಾಗೆ ಮಬ್ಬು, ಪಾಪೆ ಅರ್ಧ ತೆರೆದು ನಿಂತದ್ದು ಬೆಳಕಿಗೆ ಮಿಸುಕುವುದಿಲ್ಲ. ಪ್ರೆಶರ್ ಇಳಿಸಲು ಮ್ಯಾನಿಟಾಲ್ ಏರಿಸಿದರು, ಡಯಮಾಕ್ಸ್ ಕೊಟ್ಟರು.

ಹೊರಗೆ ಮಗ ಕೇಳಿದ, ಬೆಳಿಗ್ಗೆ ಸರಿ ಇದ್ದ ಕಣ್ಣು ಹೀಗೇಕಾಯಿತು ಅಂತ. ಹೇಳಿದೆ: ಕಣ್ಣೀರಲ್ಲ, ಕಣ್ಣಿನ ಒಳಗೆ ಬೇರೆಯೇ ನೀರುಂಟು. ಐರಿಸಿನ ಹಿಂದೆ ಹುಟ್ಟಿ, ಪಾಪೆಯ ಮೂಲಕ ಮುಂದಕ್ಕೆ ಬಂದು, ಮೂಲೆಯ ಜಾಲರಿಯಲ್ಲಿ ಇಳಿದು ಹೋಗುತ್ತದೆ. ಹಿಗ್ಗಿದ ಪಾಪೆ ಸಂಜೆ ಅರ್ಧಕ್ಕೆ ಇಳಿಯುವಾಗ ಲೆನ್ಸಿಗೆ ಒತ್ತಿ ಕೂತಿತು. ಹಿಂದೆ ತುಂಬಿದ ನೀರು ಐರಿಸನ್ನು ದೂಡಿ ಆ ಜಾಲರಿ ಮುಚ್ಚಿತು.

"ನಮ್ಮ ಗುಡ್ಡದ ನೀರಿನ ಸುರಂಗದ ಬಾಯಿಗೆ ಸೊಪ್ಪು ಸಿಕ್ಕಿದ ಹಾಗೆ. ಒಳಗೆ ಜಿನುಗುವುದು ನಿಲ್ಲುವುದಿಲ್ಲವಲ್ಲ" ಅಂದ.

ಹೌದೆಂದೆ. ಸೊಪ್ಪು ತುರುಕಿದ್ದು ಯಾರೆಂದು ಹೇಳಲು ಬಾಯಿ ಬರಲಿಲ್ಲ.

ನಡುರಾತ್ರಿ ಪ್ರೆಶರ್ ಇಳಿಯಿತು. ಮರುದಿನ ಕಾರ್ನಿಯಾ ತಿಳಿಯಾದ ಮೇಲೆ ನೀರಿಗೆ ಬೇರೆ ದಾರಿ ಆಗಲೆಂದು ಐರಿಸಿಗೆ ಲೇಸರಿನಲ್ಲಿ ತೂತು. ಎಡಗಣ್ಣೂ ಅದೇ ಜಾತಿಯದ್ದಾದ್ದರಿಂದ ಅದಕ್ಕೂ. ದೃಷ್ಟಿ ಉಳಿಯಿತು. ಡಾಕ್ಟರು ಬೈಯಲಿಲ್ಲ. ಕಾರ್ಡು ಮುಂದಿಟ್ಟು ಎಸಿ ಕಾಲಮಿನ ಮೇಲೆ ಬೆರಳಿಟ್ಟರು. "ಇದು ಯಾರ ಅಕ್ಷರ?"

ಈಗ ನನ್ನದೇ ಟಾರ್ಚು ಉಂಟು. ಕುಂಬಳೆಯಲ್ಲಿ ತೆಗೆದದ್ದು; ಕೊಟೇಶನ್ ಇಲ್ಲವೆಂದು ಅಕೌಂಟ್ಸಿನವರು ಬಿಲ್ಲು ವಾಪಸು ಮಾಡಿದರು. ಕಳೆದ ತಿಂಗಳು ಹೊಸ ಕಾರ್ಡು ಬಂತು. ಸಮಯ ಉಳಿಯಲಿ ಅಂತ ಎಸಿ ಕಾಲಮಿನಲ್ಲಿ 'ನಾರ್ಮಲ್' ಅಚ್ಚು ಹಾಕಿಸಿಯೇ ಕಳಿಸಿದ್ದಾರೆ. ಕ್ಯಾಂಪಿನ ಹಿಂದಿನ ರಾತ್ರಿ ಕೂತು ಒಂದೊಂದನ್ನೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತೇನೆ.