ಸೋಮಾರಿ ಅಂತ ಬೈದಿದ್ದೆ

ನಮ್ಮ ಲ್ಯಾಬ್ರಡಾರ್ ಮರಿಗೆ ಮೂರು ತಿಂಗಳಾಗಿದ್ದಾಗ ಅವನನ್ನು ಸೋಮಾರಿ ಅಂತಲೇ ಕರೆಯುತ್ತಿದ್ದೆ. ಚೆಂಡು ಎಸೆದರೆ ಓಡುತ್ತಿದ್ದ, ಎರಡನೇ ಸಲವೂ ಓಡುತ್ತಿದ್ದ, ಮೂರನೇ ಸಲಕ್ಕೆ ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸುತ್ತಾ, ತಲೆ ಜೋತುಬಿದ್ದು, ಅರ್ಧ ದಾರಿಯಲ್ಲೇ ಕುಸಿದು ಕೂರುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಚಳಿ ಇದ್ದ ದಿನ ಇನ್ನೂ ಜಾಸ್ತಿ.

ಡಾಕ್ಟರ್ ಅವನನ್ನು ಪಕ್ಕಕ್ಕೆ ಮಲಗಿಸಿ, ಹಿಂಗಾಲಿನ ಮಂಡಿಚಿಪ್ಪಿನ ಕೆಳಗೆ ಪುಟ್ಟ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಕಾಲು ತಾನಾಗಿ ಚಿಮ್ಮಬೇಕಿತ್ತು. ಅಲ್ಲಾಡಲೇ ಇಲ್ಲ. ಇನ್ನೊಮ್ಮೆ ತಟ್ಟಿದರು, ಊಹೂಂ. ಅವನು ಮಾತ್ರ ಬಾಲ ಆಡಿಸುತ್ತಾ ಅವರ ಕೈ ನೆಕ್ಕುತ್ತಿದ್ದ.

ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಯಿತು: ಸೆಂಟ್ರೋನ್ಯೂಕ್ಲಿಯರ್ ಮಯೋಪತಿ. ಹುಟ್ಟಿನಿಂದಲೇ ಬರುವ ಸ್ನಾಯುಗಳ ಕಾಯಿಲೆ, ಔಷಧಿ ಇಲ್ಲ. ಸಮಾಧಾನ ಅಂದ್ರೆ, ಒಂದು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಹೆಚ್ಚಾಗುವುದು ನಿಲ್ಲುತ್ತದಂತೆ. ಸುಸ್ತಾಗುವ ಮರಿಗಳಿಗೆಲ್ಲ ಇದೇ ಇರುತ್ತದೆ ಅಂತೇನೂ ಇಲ್ಲ. ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಮಯಸ್ತೇನಿಯಾ ಅಂತ ಇನ್ನೊಂದಿದೆ, ಅದರಲ್ಲೂ ಮರಿ ಓಡಿ ಕುಸಿಯುತ್ತದೆ. ಹಾಗಾಗಿ ಸುಮ್ನೆ ನೋಡಿ ಇಂಥದ್ದೇ ಅಂತ ಹೇಳೋಕೆ ಆಗಲ್ಲ.

ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಲ್ಯಾಬ್ರಡಾರ್‌ಗಳಲ್ಲಿ ಈ ಕಾಯಿಲೆಗೆ ಕಾರಣವಾದ ಜೀನ್ ದೋಷ ಪತ್ತೆಯಾಗಿದ್ದು 2005ರಲ್ಲಿ! ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡಿಸಿ ಕಳಿಸಿದರೆ ಸಾಕು, ಪರೀಕ್ಷೆ ಆಗುತ್ತದೆ. ಮರಿ ಮಾರಿದವರು ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟು ಅಂದಿದ್ದರು. ಅದು ಸುಳ್ಳಲ್ಲ. ದೋಷದ ಒಂದು ಪ್ರತಿ ಮಾತ್ರ ಇರುವ ನಾಯಿ ಚೆನ್ನಾಗೇ ಇರುತ್ತದೆ, ಅಂಥ ಎರಡನ್ನು ಕೂಡಿಸಿದಾಗ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ನಾಯಿಯನ್ನು ದೋಷವೇ ಇಲ್ಲದ ನಾಯಿ ಜೊತೆ ಕೂಡಿಸಿದ್ದರೆ ಈ ಕಾಯಿಲೆಯ ಮರಿ ಹುಟ್ಟುತ್ತಲೇ ಇರಲಿಲ್ಲ, ಅಷ್ಟೇ ಅಲ್ವಾ?

ಕೆಲವು ಮರಿಗಳಿಗೆ ಅನ್ನನಾಳವೂ ಸಡಿಲವಾಗಿ ತಿಂದದ್ದು ಹಾಗೇ ವಾಪಸ್ ಬರುತ್ತದೆ, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಇವನಿಗೂ ಒಂದೆರಡು ಸಲ ಹಾಗಾಯಿತು, ಅದಕ್ಕೇ ಬಟ್ಟಲನ್ನು ಸ್ಟೂಲ್ ಮೇಲೆ ಇಡುತ್ತೇವೆ.

ಚೆಂಡಾಟ ಈಗಲೂ ಇದೆ. ಎರಡು ಸಲ ಅವನು ತರುತ್ತಾನೆ. ಮೂರನೇ ಸಲ ನಾನು ಓಡುತ್ತೇನೆ, ಅವನು ಮಲಗಿಕೊಂಡು ನೋಡುತ್ತಾನೆ.