ಗೇರುಹಣ್ಣಿನ ಕಾಲದಲ್ಲಿ ಗೋವಾ

ಏಪ್ರಿಲ್ ತಿಂಗಳಲ್ಲಿ ಗೋವಾ ನೋಡಬೇಕೆಂದರೆ ಕಡಲಿಗೆ ಬೆನ್ನು ಹಾಕಿ ಸತ್ತರಿಯ ಗುಡ್ಡಗಳಿಗೆ ಹೋಗಬೇಕು. ಶಿರಸಿಯಿಂದ ಹೊರಟು ಯಲ್ಲಾಪುರ, ರಾಮನಗರ ದಾಟಿ ಅನಮೋಡ ಘಾಟಿ ಇಳಿಯುವಾಗಲೇ ಗೇರುಹಣ್ಣಿನ ವಾಸನೆ ಕಾರಿನೊಳಗೆ ನುಗ್ಗುತ್ತದೆ. ಹುಳಿ, ಸಿಹಿ, ತುಸು ಕೊಳೆತದ್ದು, ಮೂರೂ ಕಲೆತ ವಾಸನೆ. ನಮ್ಮ ಕಡೆ ಬೆಳೆದವರಿಗೆ ಅದರೊಂದಿಗೆ ಬೇಸಿಗೆ ರಜೆಯೂ ನೆನಪಾಗುತ್ತದೆ, ಬೆರಳ ತುದಿಯ ಚರ್ಮ ಸುಲಿದದ್ದೂ ನೆನಪಾಗುತ್ತದೆ. ಗೇರುಬೀಜದ ಸೊನೆ ಎಂದರೆ ಸಾಮಾನ್ಯವೇ? ತಾಗಿದಲ್ಲಿ ಸುಟ್ಟು, ಕಪ್ಪಾಗಿ, ಕಲೆ ಎಷ್ಟೋ ದಿನ ಉಳಿಯುತ್ತದೆ.

ನಾನು ಈ ಸಲ ಹೊರಟದ್ದು ಆ ಸೊನೆಯ ವಿಷಯ ತಲೆಯಲ್ಲಿ ಹೊತ್ತುಕೊಂಡೇ. ಗೇರು ನಮ್ಮ ಮರವಲ್ಲ, ಬ್ರೆಜಿಲ್‌ನದು. ಪೋರ್ಚುಗೀಸರು 16ನೆಯ ಶತಮಾನದಲ್ಲಿ ತಂದು ಗೋವಾದಲ್ಲಿ ಊರಿದರು. ಅದರ ತವರಾದ ಈಶಾನ್ಯ ಬ್ರೆಜಿಲ್‌ನಲ್ಲಿ, ಪಿಯಾವಿ ರಾಜ್ಯದ ಸೆರಾ ದ ಕಪಿವಾರ ರಾಷ್ಟ್ರೀಯ ಉದ್ಯಾನದಲ್ಲಿ, ಕಪುಚಿನ್ ಕೋತಿಗಳು ಈ ಬೀಜವನ್ನು ಕಲ್ಲಿನಿಂದ ಒಡೆದು ತಿನ್ನುತ್ತವೆ. ಮೂರು ನಾಲ್ಕು ಕಿಲೋ ತೂಗುವ ಪ್ರಾಣಿ. ಚಪ್ಪಟೆ ಬಂಡೆಯ ಮೇಲೋ ಮರದ ಬೇರಿನ ಮೇಲೋ ಬೀಜವಿಟ್ಟು, ದುಂಡುಗಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಬಾಲವನ್ನು ಊರುಗೋಲಿನಂತೆ ನೆಲಕ್ಕೆ ಒತ್ತಿ ಹೊಡೆಯುತ್ತದೆ. ಸಿಪ್ಪೆ ಬಿರಿದು ಸೊನೆ ಕಲ್ಲಿಗೆ ಮೆತ್ತುತ್ತದೆ, ತಿರುಳು ಬಾಯಿಗೆ ಹೋಗುತ್ತದೆ. ಮರಿಗಳು ದೊಡ್ಡವರ ಎದುರು ಕುಳಿತು ವರ್ಷಗಟ್ಟಲೆ ನೋಡಿ, ಚೂರು ಹೆಕ್ಕಿ ತಿಂದು, ಹೊಡೆತ ತಪ್ಪಿ ತಪ್ಪಿ ಇದನ್ನು ಕಲಿಯುತ್ತವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಹಿಂದಿನ ಕಾಲ. ಪುರಾತತ್ವ ಸಂಶೋಧಕರು ಅದೇ ಕಾಡಿನ ನೆಲವನ್ನು ಪದರ ಪದರವಾಗಿ ಅಗೆದರು. ಕೋತಿಗಳು ಬಳಸಿ ಬಿಟ್ಟ, ಏಟಿನ ಗುಳಿಬಿದ್ದ, ಗೇರಿನ ಕಪ್ಪು ಕಲೆ ಅಂಟಿದ ಕಲ್ಲುಗಳು ಸಿಕ್ಕವು. 2016ರಲ್ಲಿ ಪ್ರಕಟವಾದ ಲೆಕ್ಕದಂತೆ ಅವು ಆರೇಳು ಶತಮಾನ ಹಳೆಯವು, ಅಂದರೆ ಕೊಲಂಬಸ್‌ಗಿಂತ ಹಿಂದಿನವು. 2019ರಲ್ಲಿ ಇನ್ನೂ ಕೆಳಗಿನ ಪದರಗಳಿಂದ ಮೂರು ಸಾವಿರ ವರ್ಷದ ಹಿಂದಿನವೂ ಹೊರಬಂದವು. ಕಾಲ ಕಾಲಕ್ಕೆ ಕಲ್ಲಿನ ಗಾತ್ರವೂ ಬದಲಾಗಿದೆ. ಮಂಗಗಳಿಗೂ ಅಗೆದು ತೆಗೆಯಬಹುದಾದ ಒಂದು ಇತಿಹಾಸವಿದೆ ಎಂಬುದನ್ನು ಓದಿದ ಮೇಲೆ, ಅದೇ ಹಣ್ಣಿನ ಮರದಲ್ಲಿ ಕೂರುವ ನಮ್ಮ ಮಂಗ ಏನು ಮಾಡುತ್ತದೆ ಎಂದು ಸರಿಯಾಗಿ ಕುಳಿತು ನೋಡಬೇಕೆನಿಸಿತು.

ಪೋಂಡಾದಲ್ಲಿ ಅಕ್ಕನ ಮನೆ. ಭಾವ ಅಡಿಕೆ ವ್ಯಾಪಾರದವರು, ಸತ್ತರಿಯ ತೋಟದವರೆಲ್ಲ ಪರಿಚಯ. ಬೆಳಗಿನ ಜಾವ ಎದ್ದು ವಾಲ್ಪೋಯಿ ಕಡೆಗೆ ಹೊರಟೆವು. ತೋಟ ತಲುಪಿದಾಗ ಹೆಂಗಸರು ಆಗಲೇ ಬುಟ್ಟಿ ಹಿಡಿದು ಹಣ್ಣು ಹೆಕ್ಕುತ್ತಿದ್ದರು. ಕಿವಿಗೆ ಬಿದ್ದದ್ದು ಕನ್ನಡ. ಸವದತ್ತಿ ಕಡೆಯಿಂದ ಬಂದವರು, ಹಂಗಾಮು ಮುಗಿಯುವವರೆಗೆ ಇಲ್ಲೇ ಇರುತ್ತಾರೆ.

"ಮಂಗ ನೋಡಲು ಶಿರಸಿಯಿಂದ ಬಂದಿರಾ ಅಣ್ಣಾ? ನಮಗೆ ಅವನ್ನು ಓಡಿಸುವುದೇ ಕೆಲಸ," ಎಂದರು ಹಿರಿಯ ಹೆಂಗಸು. ಬೀಜವನ್ನು ಹಣ್ಣಿನಿಂದ ತಿರುವಿ ಕೀಳುವ ಅವರ ಬೆರಳುಗಳು ಉಗುರಿನ ಬುಡದವರೆಗೂ ಕಪ್ಪಾಗಿದ್ದವು.

"ಕೈ ಉರಿಯುವುದಿಲ್ಲವೇ ಅಕ್ಕಾ?"

"ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತೇವೆ. ಮೊದಲ ವಾರ ಉರಿ, ಆಮೇಲೆ ಕೈಗೇ ಗೊತ್ತಾಗುತ್ತದೆ."

ಬಿಸಿಲೇರುವ ಮೊದಲು ಹಿಂಡು ಬಂತು. ನೆತ್ತಿಯ ಕೂದಲು ನಡುವಿನಿಂದ ಸುತ್ತಲೂ ಹರಡಿಕೊಂಡ ನಮ್ಮ ಮಂಗ, ಬಾನೆಟ್ ಮಕಾಕ್, ಪರ್ಯಾಯ ದ್ವೀಪ ಭಾರತದ ಆಚೆ ಎಲ್ಲೂ ಇಲ್ಲದ ಜಾತಿ. ಹತ್ತಿರದ ಕೊಂಬೆಯ ಮೇಲೆ ಒಂದು ತಾಯಿ, ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ಕೆಂಪು ಹಣ್ಣೊಂದನ್ನು ಕಿತ್ತು, ಮೂಸಿ, ಬೀಜವಿರುವ ತುದಿಯನ್ನು ತನ್ನಿಂದ ದೂರಕ್ಕೆ ತಿರುಗಿಸಿಕೊಂಡಿತು. ಆಮೇಲೆ ತೊಟ್ಟಿನ ಕಡೆಯಿಂದ ಕಚ್ಚಿ ಹೀರತೊಡಗಿತು. ರಸ ಮೊಣಕೈವರೆಗೆ ಇಳಿಯಿತು, ಅದನ್ನೂ ನೆಕ್ಕಿತು. ಹಣ್ಣು ಬೀಜದ ಬುಡಕ್ಕೆ ಬಂದದ್ದೇ ತಡ, ಉಳಿದದ್ದನ್ನು ಕೆಳಗೆ ಬಿಟ್ಟಿತು. ಒಂದು ಸಲವೂ ಬೀಜಕ್ಕೆ ತುಟಿ ತಾಗಿಸಲಿಲ್ಲ. ಕೆಳಗಿದ್ದ ಎಳೆಯ ಮಂಗವೊಂದು ಬಿದ್ದ ಬೀಜವನ್ನು ಎತ್ತಿಕೊಂಡು ಮೂಸಿತು, ನೆಲಕ್ಕೆ ಎರಡು ಸಲ ಉಜ್ಜಿತು, ಕೈಯನ್ನೇ ಮೂಸಿಕೊಂಡಿತು, ಮತ್ತೆ ಬಿಟ್ಟು ಹೋಯಿತು. ನಾನು ಉಸಿರು ಬಿಗಿಹಿಡಿದು ನೋಡಿದ್ದು ಆ ಎರಡು ಉಜ್ಜುಗಳನ್ನು. ಅದಕ್ಕಿಂತ ಮುಂದೆ ಆ ಬೆಳಗ್ಗೆ ಏನೂ ಆಗಲಿಲ್ಲ, ಆದರೂ ಅಷ್ಟು ನೋಡಿದ್ದು ನನಗೆ ತುಂಬಾ ದೊಡ್ಡದು.

ನಮ್ಮ ಮಂಗಕ್ಕೆ ಬುದ್ಧಿ ಕಡಿಮೆ ಎಂದು ಹೇಳುವವರಿದ್ದರೆ ಒಪ್ಪಲಾರೆ. ಇದರ ಹತ್ತಿರದ ಬಂಧುವಾದ ಉದ್ದಬಾಲದ ಮಕಾಕ್ ಎಂಬ ಮಂಗ ಥಾಯ್ಲೆಂಡಿನ ಕಡಲ ತೀರದಲ್ಲಿ ಕಲ್ಲಿನಿಂದ ಚಿಪ್ಪು ಒಡೆಯುತ್ತದೆ. ಗೇರು ಇಲ್ಲಿಗೆ ಬಂದು ಐನೂರು ವರ್ಷವೂ ತುಂಬಿಲ್ಲ. ರಸತುಂಬಿದ ಹಣ್ಣು, ಅತ್ತಿ, ಹಲಸು, ಚಿಗುರು ಇಷ್ಟೆಲ್ಲ ಸಿಗುವ ಕಾಡಿನಲ್ಲಿ ಸುಡುವ ಬೀಜದ ಗೊಡವೆ ಯಾಕೆ? ಕಪುಚಿನ್‌ಗಳ ಊರು ಮುಳ್ಳುಪೊದೆಯ ಒಣ ಸೀಮೆ.

ತೋಟದವರಿಗೆ ಮಂಗದಿಂದ ನಷ್ಟವಿಲ್ಲ ಎಂದಲ್ಲ. ಬಲಿಯದ ಕಾಯಿಯೂ ಉದುರುತ್ತದೆ, ಹೂಗೊಂಚಲು ಮುರಿಯುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಅಲ್ಲೇ ಬಂಡೆಯ ತೊಟ್ಟಿಯಲ್ಲಿ ಹಣ್ಣು ತುಳಿದ ಮೇಲೆ ಉಳಿದ ಹಿಂಡಿಯನ್ನು ಒತ್ತಿ ತೆಗೆದ, 'ನೀರೋ' ಎಂದು ಕರೆಯುವ ರಸ ಕುಡಿದು ಹೊರಟೆವು. ತುಳಿದಾಗ ಬಂದ ರಸ ಮುಂದೆ ಹುಳಿತು, ಭಟ್ಟಿ ಇಳಿದು ಉರಾಕ್, ಫೆನಿ ಎಂಬ ಮದ್ಯವಾಗುವ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು.

ಮರುದಿನ ಹಳೆಗೋವಾ. ಇಗರ್ಜಿಗಳನ್ನು ಹಿಂದೆ ನೋಡಿದ್ದೆ, ಹಾಗಾಗಿ ನೇರ ಮಾಂಡೋವಿ ದಡಕ್ಕೆ ಹೋಗಿ ವೈಸ್‌ರಾಯ್ ಕಮಾನಿನ ಕೆಳಗೆ ನಿಂತೆ. ಎದುರಿಗೆ ದಿವಾರ್ ದ್ವೀಪಕ್ಕೆ ಹೋಗುವ ಫೆರಿ, ಸ್ಕೂಟರಿನವರ ಸಾಲು. ಗೇರಿನ ಸಸಿ ಬಂದ ಕಾಲದಲ್ಲಿ ಹಡಗುಗಳು ಲಂಗರು ಹಾಕುತ್ತಿದ್ದದ್ದು ಈ ನದಿಯಲ್ಲೇ. ಪ್ರಾಣಿಗಳೂ ಹೀಗೇ ಬಂದಿಳಿಯುತ್ತಿದ್ದವು.

ಜಹಾಂಗೀರ್ ಬಾದಶಹ ತನ್ನ ಅಧಿಕಾರಿ ಮುಕರ್ರಬ್ ಖಾನನನ್ನು ಗೋವಾಕ್ಕೆ ಕಳಿಸಿ, ಫರಂಗಿಗಳು ಕೇಳಿದಷ್ಟು ಬೆಲೆ ಕೊಟ್ಟು ಅಪರೂಪದ ವಸ್ತುಗಳನ್ನು ತರಲು ಹೇಳಿದ್ದ. ಅವನು 1612ರಲ್ಲಿ ತಂದವುಗಳಲ್ಲಿ ಅಮೆರಿಕದ ಟರ್ಕಿ ಕೋಳಿ ಇತ್ತು, ಒಂದು ವಿಚಿತ್ರ ಪುಟ್ಟ ಮಂಗವೂ ಇತ್ತು. ಬಾದಶಹ ತನ್ನ ದಿನಚರಿಯಲ್ಲಿ ಅದನ್ನು ಅಂಗುಲ ಅಂಗುಲವಾಗಿ ಬರೆದಿದ್ದಾನೆ: ಕೈಕಾಲು, ಕಿವಿ ಮಂಗನವು, ಮುಖ ನರಿಯದು, ಕಣ್ಣು ಗಿಡುಗನ ಕಣ್ಣಿನ ಬಣ್ಣದ್ದು, ಮೈಗೂದಲು ಕುರಿಯ ಉಣ್ಣೆಯಂತೆ ಬೂದಿ ಬಣ್ಣ, ಕಿವಿಯಿಂದ ಗಲ್ಲದವರೆಗೆ ಕೆಂಪು, ಬಾಲ ಬೆಕ್ಕಿನದರಂತೆ ಇಳಿಬಿದ್ದದ್ದು, ಕೆಲವೊಮ್ಮೆ ಜಿಂಕೆಮರಿಯಂತೆ ಕೂಗು. ಓದಿದವರು ಅದು ಮಡಗಾಸ್ಕರಿನ ಲೆಮೂರ್ ಇರಬೇಕು ಎನ್ನುತ್ತಾರೆ. ಮುತ್ತಾತ ಬಾಬರ್ ಪ್ರಾಣಿಗಳ ಬಗ್ಗೆ ಬರೆದನೇ ಹೊರತು ಚಿತ್ರ ಬರೆಸಲಿಲ್ಲ ಎಂದು ಹೇಳಿ, ಇವನ್ನು ಬಿಡಿಸಲು ಚಿತ್ರಕಾರರಿಗೆ ಅಪ್ಪಣೆ ಕೊಟ್ಟ. ಉಸ್ತಾದ್ ಮನ್ಸೂರ್ ಬಿಡಿಸಿದ ಟರ್ಕಿ ಕೋಳಿ ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಗರಿ ಗರಿಯನ್ನೂ ಎಣಿಸುವಷ್ಟು ನಿಗಾ.

ಕೂಡಿಹಾಕಿದ ಪ್ರಾಣಿಯ ಪಾಡು ನೆನೆದರೆ ಸಂಕಟವಾಗುತ್ತದೆ. ಆದರೂ ಆ ಬಾದಶಹನ ಕಣ್ಣಿಗೆ ನಾನು ಋಣಿ. ಅಪರೂಪದ್ದಕ್ಕೆ ಸಿಕ್ಕ ಆ ಕಣ್ಣು ಮನೆಯಂಗಳದ ಮಂಗಕ್ಕೆ ಸಿಗಲಿಲ್ಲ. ಗುಡಿಗಳಲ್ಲಿ ಹನುಮನನ್ನು ಭಕ್ತಿಯಿಂದ ಕೆತ್ತಿದ್ದೇವೆ, ಹಣ್ಣಿನ ತುದಿಯನ್ನು ಆಚೆ ತಿರುಗಿಸಿ ಹಿಡಿಯುವ ತಾಯಿಮಂಗವನ್ನು ಯಾರು ಬಿಡಿಸಿದರು?

ಕೊನೆಗೆ ಹೋದದ್ದು ದಕ್ಷಿಣಕ್ಕೆ, ರಿವಣದ ಆಚೆ ಉಸ್ಗಾಳಿಮಳಕ್ಕೆ. ಕುಶಾವತಿ ನದಿಯ ದಡದ ಜಂಬಿಟ್ಟಿಗೆ ಹಾಸಿನ ಮೇಲೆ ಆದಿಮಾನವರು ಕೊರೆದ ಚಿತ್ರಗಳಿವೆ. ಹೊರಲೋಕಕ್ಕೆ ತಿಳಿದದ್ದು 1993ರಲ್ಲಿ. ಮಳೆಗಾಲದಲ್ಲಿ ನೀರು ಏರಿ ಅವನ್ನು ಮುಚ್ಚುತ್ತದೆ. ಕಾವಲುಗಾರರು ತಂಬಿಗೆಯಲ್ಲಿ ನದಿನೀರು ತಂದು ಗೆರೆಗಳ ಮೇಲೆ ಚಿಮುಕಿಸಿದರು. ಒಣಗಿದ ಕೆಂಪು ಕಲ್ಲಿನಲ್ಲಿ ಕಾಣದೇ ಇದ್ದ ಗೂಳಿ ಕೊಂಬು, ಭುಜದ ಸಮೇತ ಎದ್ದು ನಿಂತಿತು. ನವಿಲು, ಜಿಂಕೆ, ಸುತ್ತಿಕೊಂಡು ಒಳಗೆ ಹೋಗುವ ಚಕ್ರವ್ಯೂಹ. ನನಗೆ ಕಂಡ ಗೆರೆಗಳಲ್ಲಿ ಮಂಗ ಇರಲಿಲ್ಲ.

ಸೆರಾ ದ ಕಪಿವಾರದಲ್ಲೂ ಬಂಡೆಯ ಆಸರೆಗಳ ತುಂಬ ಸಾವಿರಾರು ವರ್ಷ ಹಳೆಯ ಕೆಂಪು ಚಿತ್ರಗಳಿವೆ: ಜಿಂಕೆ, ಬೇಟೆ, ಕುಣಿಯುವ ಜನ. 1991ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಅವುಗಳಿಂದಾಗಿ. ಮನುಷ್ಯರು ಬರೆದ ಗೋಡೆಯೂ ಕೋತಿಗಳು ಒಡೆದ ಕಲ್ಲೂ ಒಂದೇ ಕಾಡಿನಲ್ಲಿ. ಅಲ್ಲಿನ ಕೋತಿಗಳು ಕಲ್ಲಿಗೆ ಕಲ್ಲು ಕುಟ್ಟುವಾಗ ಹಾರುವ ಚಕ್ಕೆಗಳು ಆದಿಮಾನವರ ಉಪಕರಣಗಳನ್ನೇ ಹೋಲುತ್ತವೆ ಎಂದು 2016ರಲ್ಲಿ ತಿಳಿದಾಗ ಪುರಾತತ್ವದವರು ತಮ್ಮ ಅಳತೆಗೋಲನ್ನೇ ಮತ್ತೆ ಪರಿಶೀಲಿಸಬೇಕಾಯಿತು.

ನಮ್ಮ ಮಂಗವನ್ನು ಈಗ ಅಳಿವಿನ ಅಂಚಿಗೆ ಸರಿಯುತ್ತಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿದ್ದಾರೆ. ಊರೂರಲ್ಲಿ ಕಾಣುವುದರಿಂದ ನಮಗೆ ಅದು ನಂಬಿಕೆ ಬರುವುದಿಲ್ಲ. ಘಾಟಿಯಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು ಎಸೆಯುವವರು ದಯವಿಟ್ಟು ಅದನ್ನು ಬಿಡಬೇಕು. ಅವು ರಸ್ತೆಗೆ ಬಂದು ಸಾಯುವುದು ಅದರಿಂದಲೇ.

ಹೊರಡುವ ಮುನ್ನ ಕಾವಲುಗಾರರನ್ನು ಭಾವನ ಕೊಂಕಣಿಯ ಮೂಲಕ ಕೇಳಿದೆ, ಇಲ್ಲಿ ಮಂಗಗಳು ಬರುತ್ತವೆಯೇ ಎಂದು. ಸಂಜೆ ನೀರಿಗೆ ಇಳಿಯುತ್ತವೆ ಎಂದರು.

"ಕಲ್ಲು ಮುಟ್ಟುತ್ತವೆಯೇ?"

ಅವರು ನದಿಯ ಅಂಚಿಗೆ ಕರೆದುಕೊಂಡು ಹೋಗಿ, ಮಗುಚಿ ಬಿದ್ದಿದ್ದ ಮುಷ್ಟಿಗಾತ್ರದ ಕಲ್ಲುಗಳನ್ನು ತೋರಿಸಿದರು. ಅಡಿಯಲ್ಲಿರುವ ಹುಳು ತಿನ್ನಲು ತಿರುವಿ ಹಾಕುತ್ತವಂತೆ. "ಎತ್ತುತ್ತವೆ, ತಿರುವುತ್ತವೆ, ಅಷ್ಟೇ. ಯಾಕೆ ಕೇಳಿದಿರಿ?" ಎಂದು ಭಾವನ ಕಡೆ ತಿರುಗಿದರು. ಭಾವ ಬ್ರೆಜಿಲ್‌ನ ಕೋತಿಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಅವರು ತಂಬಿಗೆ ಕೆಳಗಿಟ್ಟು, ಗೇರುಬೀಜವನ್ನೇ ಒಡೆಯುತ್ತವೆಯೇ, ಸೊನೆ ಕಣ್ಣಿಗೆ ಹಾರುವುದಿಲ್ಲವೇ ಎಂದು ಒಂದಾದ ಮೇಲೊಂದು ಕೇಳುತ್ತಲೇ ಹೋದರು.